ಹಾವನ್ನು ಈಜಲು ಬಿಡುವ ಮುನ್ನ ನೀರಿಗೆ ಥರ್ಮಾಮೀಟರ್ ಇಳಿಸಿ

ಅಮೆರಿಕದ ಡಲ್ಲಾಸ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲೂ ಈಗ ಸಾಕುಹಾವುಗಳಾದ ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಕಾಣಸಿಗುತ್ತವೆ. ಮಕ್ಕಳು ಹಟ ಹಿಡಿಯುತ್ತಾರೆ, ಅಪ್ಪ ಸೋಲುತ್ತಾರೆ, ಕೊನೆಗೆ ಪೆಟ್ಟಿಗೆ ತೊಳೆಯುವ ಕೆಲಸ ಅಮ್ಮನ ಪಾಲಿಗೆ ಬರುತ್ತದೆ. ಒಂದೆರಡು ವರ್ಷದಲ್ಲಿ ಹಾವು ದಪ್ಪಗಾಗುತ್ತದೆ. ಆಗ ಯಾರೋ ‘ಈಜಿಸಿ, ವ್ಯಾಯಾಮ ಆಗುತ್ತೆ’ ಅನ್ನುತ್ತಾರೆ. ಅದೇ ಸಂಜೆ ಬಾತ್‌ಟಬ್ ತುಂಬುತ್ತದೆ, ಹಾವು ದೊಪ್ಪೆಂದು ನೀರಿಗೆ ಬೀಳುತ್ತದೆ, ಮೊಬೈಲ್ ಹೊರಬರುತ್ತದೆ.

ಈಜಿನಿಂದ ಲಾಭ ಇದೆಯೇ? ಸ್ವಲ್ಪ ಇದೆ. ನೀರಿನಲ್ಲಿ ಹಾವು ಕುತ್ತಿಗೆಯಿಂದ ಬಾಲದವರೆಗೆ ಅಲೆ ಎಬ್ಬಿಸಿ ಮುಂದೆ ಸಾಗುವುದರಿಂದ ಮೈಯುದ್ದದ ಸ್ನಾಯುಗಳಿಗೆ ಕೆಲಸ ಸಿಗುತ್ತದೆ. ಬೆಚ್ಚಗಿನ ನೀರಿಗೆ ಕಟ್ಟಿದ ಹೊಟ್ಟೆಯೂ ಸಡಿಲವಾಗುತ್ತದೆ. ಆದರೆ ಈಜದಿದ್ದರೆ ಹಾವಿಗೆ ಕಾಯಿಲೆ ಬರುತ್ತದೆ ಅನ್ನುವುದು ಸುಳ್ಳು, ಈಜಿದರೆ ತೂಕ ಇಳಿಯುತ್ತದೆ ಅನ್ನುವುದು ಇನ್ನೂ ದೊಡ್ಡ ಸುಳ್ಳು. ಸಾಕಿದ ಹಾವು ದಪ್ಪವಾಗುವುದು ಹೆಚ್ಚಾಗಿ ತಿಂದು. ಬೆಳೆದ ಬಾಲ್ ಪೈಥಾನ್‌ಗೆ ಎರಡರಿಂದ ನಾಲ್ಕು ವಾರಕ್ಕೊಂದು ಇಲಿ ಸಾಕಾಗುತ್ತದೆ. ನಮ್ಮವರು ವಾರ ವಾರ ಹಾಕುತ್ತಾರೆ, ಪಾಪ ಹಸಿದಿರಬೇಕು ಅಂತ.

ಕರ್ನಾಟಕದಲ್ಲಿ ಕೂತು ಓದುತ್ತಿರುವವರು ಇಲ್ಲೇ ಒಂದು ಮಾತು ಕೇಳಿ. ಕೇರೆ, ಒಳ್ಳೆ, ನಾಗರ, ಹೆಬ್ಬಾವು, ಯಾವ ನಾಡ ಹಾವನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಬಾಲ್ ಪೈಥಾನ್‌ನಂಥ ವಿದೇಶಿ ಹಾವು ಇದ್ದರೆ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಅದಿಲ್ಲದೆ ಈಜಿನ ಮಾತೇ ಬೇಡ.

ಹಂತ 1: ಇವತ್ತು ಬೇಡವೇ ಎಂದು ನೋಡಿ

ಇಲಿ ನುಂಗಿ ಎರಡು ದಿನ ಆಗಿಲ್ಲದಿದ್ದರೆ ಬೇಡ. ದೊಡ್ಡ ಇಲಿಯಾದರೆ ಹೊಟ್ಟೆಯ ಉಬ್ಬು ಇಳಿಯುವವರೆಗೂ ಬೇಡ. ಗಾಬರಿಯಾದ ಹಾವು ನುಂಗಿದ್ದನ್ನು ಕಕ್ಕುತ್ತದೆ, ಹಾಗೆ ಕಕ್ಕುವುದು ಅದಕ್ಕೆ ದೊಡ್ಡ ಪೆಟ್ಟು. ಕಣ್ಣು ಮಂಜಾಗಿ ಪೊರೆ ಬಿಡುವ ಹೊತ್ತಿನಲ್ಲಿ ಬೇಡ. ಮನೆಗೆ ಬಂದು ತಿಂಗಳಾಗದ ಹಾವಿಗೆ ಬೇಡ. ಬಾಯಲ್ಲಿ ನೊರೆ, ಉಸಿರಾಡುವಾಗ ಸದ್ದು, ಬಾಯಿ ತೆರೆದು ತಲೆ ಎತ್ತಿಕೊಂಡೇ ಇರುವುದು, ಇವು ಉಸಿರಿನ ಸೋಂಕಿನ ಗುರುತು. ಅಂಥ ಹಾವನ್ನು ಒಯ್ಯಬೇಕಾದದ್ದು ಸರೀಸೃಪ ಬಲ್ಲ ಪಶುವೈದ್ಯರ ಬಳಿಗೆ. ಕೀನ್ಯಾ ಮರಳು ಹಾವು ಸಾಕಿದವರು ಈ ಪುಟ ಮಡಚಿಡಬಹುದು, ಒಣನೆಲದ ಆ ಜೀವಕ್ಕೆ ಈಜು ಬೇಕಿಲ್ಲ.

ಹಂತ 2: ಟಬ್

ಬಾತ್‌ಟಬ್ ಬೇಡವೇ ಬೇಡ. ಅದರ ಗೋಡೆ ಜಾರುತ್ತದೆ, ಹಾವಿಗೆ ಹತ್ತಿ ಹೊರಬರಲು ಆಗುವುದಿಲ್ಲ. ತೊಳೆದ ಕ್ಲೀನರ್‌ನ ಅಂಶ ಉಳಿದಿರುತ್ತದೆ. ಫಿನಾಯಿಲ್ ಜಾತಿಯವು ಹಾವಿಗೆ ವಿಷ. ಮೇಲೆ, ಹೆಚ್ಚಾದ ನೀರು ಹೋಗಲು ಇರುವ ಆ ದುಂಡನೆಯ ತೂತಿನೊಳಗೆ ಕಾರ್ನ್ ಸ್ನೇಕ್ ಮರಿ ಸಲೀಸಾಗಿ ನುಸುಳುತ್ತದೆ, ಆಮೇಲೆ ಪ್ಲಂಬರ್‌ಗೆ ಏನೆಂದು ಹೇಳುತ್ತೀರಿ? ಬಟ್ಟೆಬರೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬ ಹಾವಿಗೆಂದೇ ಒಂದು ಇರಲಿ. ತಳಕ್ಕೆ ಹಳೆ ಟವೆಲ್ ಹಾಸಿ. ಒಂದು ಬದಿಗೆ ಒರಟು ಮರದ ತೊಗಟೆಯನ್ನೋ ಇಟ್ಟಿಗೆಗಳನ್ನೋ ಮೆಟ್ಟಿಲಿನ ಹಾಗೆ ಜೋಡಿಸಿ, ಮೇಲ್ತುದಿ ನೀರಿನಿಂದ ಹೊರಗಿರಬೇಕು. ಈ ಮೆಟ್ಟಿಲು ಇಲ್ಲದೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 3: ನೀರು (ಎಲ್ಲರೂ ಎಡವುವುದು ಇಲ್ಲೇ)

ಪರಿಚಯದ ಹುಡುಗಿಯೊಬ್ಬಳು ಮೊಣಕೈ ಅದ್ದಿ ನೋಡಿ, “ಸರಿಯಾಗಿದೆ ಅಕ್ಕಾ, ಪಾಪೂಗೆ ಹಾಕೋ ಅಷ್ಟೇ ಬೆಚ್ಚಗಿದೆ” ಅಂದಳು. ಥರ್ಮಾಮೀಟರ್ ಇಳಿಸಿದರೆ 37 ಡಿಗ್ರಿ. ಪಾಪೂಗೆ ಅದು ಹಿತ, ಹಾವಿಗೆ ಬಿಸಿ. ಹಾವಿಗೆ ಬೇಕಾದದ್ದು 27ರಿಂದ 29 ಡಿಗ್ರಿ ಸೆಲ್ಸಿಯಸ್, ಇಲ್ಲಿನ ಲೆಕ್ಕದಲ್ಲಿ 80ರಿಂದ 84 ಫ್ಯಾರನ್‌ಹೀಟ್. ಆ ನೀರು ನಮ್ಮ ಕೈಗೆ ತಣ್ಣಗೇ ಅನ್ನಿಸುತ್ತದೆ. ಅದಕ್ಕೇ ಜನ ಇನ್ನೊಂದು ಚೊಂಬು ಬಿಸಿನೀರು ಸುರಿಯುತ್ತಾರೆ, ಸುರಿದು ಕೆಡಿಸುತ್ತಾರೆ. ಕೈಯನ್ನು ನಂಬಬೇಡಿ.

ತೀರಾ ತಣ್ಣಗಿದ್ದರೂ ಕಷ್ಟ. ಹಾವಿನ ಮೈ ಸುತ್ತಲಿನ ಬಿಸಿಯನ್ನೇ ನೆಚ್ಚಿಕೊಂಡದ್ದು. ನೀರು ಆರಿದಂತೆ ಸ್ನಾಯು ಮಂದವಾಗುತ್ತದೆ, ತಲೆ ಎತ್ತುವ ಬಲ ಕುಗ್ಗುತ್ತದೆ, ಈಜು ಬಲ್ಲ ಹಾವೂ ಸೋತು ಮುಳುಗಬಹುದು. ಏಸಿ ಹಾಕಿದ ಕೋಣೆಯಲ್ಲಿ ನೀರು ಬೇಗ ಆರುತ್ತದೆ, ಆದ್ದರಿಂದ ಏಸಿ ಆರಿಸಿ, ಥರ್ಮಾಮೀಟರನ್ನು ನೀರಿನಲ್ಲೇ ಬಿಟ್ಟಿರಿ. ಕಡ್ಡಿಯಂಥ ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಗಾಜಿಗೆ ಅಂಟಿಸುವ ಬಣ್ಣದ ಪಟ್ಟಿ ನೆಚ್ಚಬೇಡಿ. ಗನ್ ಹಿಡಿದು ನೋಡುವ ಇನ್‌ಫ್ರಾರೆಡ್ ಮೀಟರ್ ನೀರಿನ ಮೇಲ್ಮೈಯನ್ನಷ್ಟೇ ಅಳೆಯುತ್ತದೆ, ನೀರು ಕಲಕದಿದ್ದರೆ ಅದರ ಅಂಕಿ ಲೆಕ್ಕಕ್ಕಿಲ್ಲ. ಆರಿದ ನೀರಿಗೆ ಬಿಸಿನೀರು ಸೇರಿಸುವುದಾದರೆ ಹಾವನ್ನು ಹೊರಗೆ ತೆಗೆದು ಸೇರಿಸಿ.

ಆಳ: ಮೊದಮೊದಲು ಹಾವಿನ ಮೈ ದಪ್ಪದ ಅರ್ಧದಷ್ಟು ನೀರು ಸಾಕು, ಹೊಟ್ಟೆ ತಳಕ್ಕೆ ತಾಗುತ್ತಿರಬೇಕು. ಅದು ಗಾಬರಿಯಿಲ್ಲದೆ ಓಡಾಡಿದರೆ ಮುಂದಿನ ಸಲ ಮೈ ತೇಲುವಷ್ಟು ಮಾಡಿ. ಅದಕ್ಕಿಂತ ಆಳ ಯಾಕೆ ಬೇಕೋ ನನಗಂತೂ ಗೊತ್ತಿಲ್ಲ.

ಇನ್ನು ಕ್ಲೋರಿನ್. ರಾತ್ರಿಯಿಡೀ ಬಕೆಟ್ ತೆರೆದಿಟ್ಟರೆ ಹಾರಿಹೋಗುತ್ತದೆ ಅನ್ನುವುದು ಹಳೆಯ ಉಪಾಯ. ಡಲ್ಲಾಸ್, ಆಸ್ಟಿನ್ ನಲ್ಲಿಗಳಲ್ಲಿ ಬರುವುದು ಕ್ಲೋರಿನ್‌ಗೆ ಅಮೋನಿಯ ಕೂಡಿದ ಕ್ಲೋರಮಿನ್, ಅದು ಹಾಗೆಲ್ಲ ಹೋಗುವುದಿಲ್ಲ. ಕುಡಿಯುವ ನಲ್ಲಿ ನೀರಿನಿಂದ ಹಾವು ಕೆಟ್ಟದ್ದನ್ನು ನಾನು ಕಂಡಿಲ್ಲ, ಆದರೂ ಇವನ್ನು ಅಡಗಿಸಲು ಅಕ್ವೇರಿಯಂನವರು ಹಾಕುವ ಕಂಡಿಷನರ್‌ನ ಒಂದೆರಡು ಹನಿ ಹಾಕುವುದು ನನ್ನ ರೂಢಿ, ಟಬ್‌ನಲ್ಲಿದ್ದಾಗ ಹಾವು ಅದೇ ನೀರು ಕುಡಿಯುತ್ತದಲ್ಲ. ಈಜುಕೊಳದ ನೀರು ಮಾತ್ರ ಖಂಡಿತ ಬೇಡ. ಕೆರೆಯೂ ಬೇಡ: ಕೈತಪ್ಪಿದ ಹಾವು ಮರಳಿ ಸಿಗುವುದಿಲ್ಲ. ಸಾಕಿದವರು ಬಿಟ್ಟ, ಸಾಕಾಣಿಕೆಯಿಂದ ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಫ್ಲೋರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಸಂಸಾರ ಹೂಡಿ ಅಲ್ಲಿನ ಸಣ್ಣ ಪ್ರಾಣಿಗಳನ್ನು ನುಂಗಿಹಾಕಿದ ಕಥೆ ಗೊತ್ತೇ ಇದೆ.

ಪೊರೆ ಬೇಗ ಬಿಡಿಸುತ್ತೇವೆಂದು ಬಾಟಲಿಯಲ್ಲಿ ಮಾರುವ ದ್ರಾವಣವನ್ನು ಈ ನೀರಿಗೆ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಪೊರೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಗಾಳಿಯಲ್ಲಿ ತೇವ ಸಾಲದೆ. ಪೆಟ್ಟಿಗೆಯೊಳಗೆ ಒದ್ದೆ ಪಾಚಿ (ಮಾಸ್) ತುಂಬಿದ, ಹಾವು ನುಸುಳುವಷ್ಟು ತೂತಿರುವ ಮುಚ್ಚಳದ ಡಬ್ಬಿ ಇಡಿ, ಹಾವು ತಾನೇ ಹೋಗಿ ಕೂರುತ್ತದೆ.

ಹಂತ 4: ಇಳಿಸುವುದಲ್ಲ, ಇಳಿಯಲು ಬಿಡುವುದು

ಹಾವನ್ನು ಎತ್ತಿ ನೀರಿಗೆ ಹಾಕಬೇಡಿ. ಮೆಟ್ಟಿಲಿನ ಒಣ ಭಾಗದ ಮೇಲೆ ಬಿಡಿ, ಕೈ ತೆಗೆಯಿರಿ, ಕಾಯಿರಿ. ನಾಲಿಗೆ ಆಡಿಸುತ್ತ ನೀರು ಮೂಸಿ, ಗಲ್ಲ ತಾಗಿಸಿ, ಇಷ್ಟವಿದ್ದರೆ ಇಳಿಯುತ್ತದೆ. ಅಮೆರಿಕದ ಗಾರ್ಟರ್ ಹಾವಾದರೆ ತಡಮಾಡುವುದಿಲ್ಲ, ಅದು ನೀರಂಚಿನಲ್ಲೇ ಬದುಕುವ ಜಾತಿ. ಬಾಲ್ ಪೈಥಾನ್ ಆಫ್ರಿಕಾದ ಹುಲ್ಲುಗಾವಲಿನ ಬಿಲಗಳಲ್ಲಿ ಅಡಗುವ ಸಂಕೋಚದ ಹಾವು. ಅದಕ್ಕೆ ಎಷ್ಟೋ ಸಲ ಇಳಿಯುವ ಮನಸ್ಸೇ ಇರುವುದಿಲ್ಲ. ಬೇಡವೆಂದರೆ ಬೇಡ.

ವಿಡಿಯೊಗಳಲ್ಲಿ ‘ನೋಡಿ ಎಷ್ಟು ಖುಷಿಯಾಗಿ ಈಜ್ತಿದೆ’ ಎಂದು ತೋರಿಸುವುದರಲ್ಲಿ ಹೆಚ್ಚಿನದು ಓಡಿಹೋಗುವ ಯತ್ನ. ಸಮಾಧಾನದ ಹಾವು ನಿಧಾನವಾಗಿ ಬಳುಕುತ್ತದೆ, ನಡುವೆ ನಿಲ್ಲುತ್ತದೆ, ನಾಲಿಗೆ ಆಡಿಸುತ್ತದೆ, ಒಂದೆರಡು ಗುಟುಕು ಕುಡಿಯುತ್ತದೆ. ಹೆದರಿದ ಹಾವು ಗೋಡೆಯುದ್ದಕ್ಕೂ ಬಿಡದೆ ಸುತ್ತುತ್ತದೆ, ಮೂಗನ್ನು ಮೂಲೆಗೆ ಒತ್ತುತ್ತದೆ, ಮೈ ಉಬ್ಬಿಸಿ ಎತ್ತರಕ್ಕೆ ತೇಲುತ್ತದೆ, ಬುಸುಗುಟ್ಟುತ್ತದೆ, ಕೆಲವು ನಾರುವ ದ್ರವ ಬಿಡುತ್ತವೆ. ಅನುಮಾನ ಬಂದರೆ ಮೆಟ್ಟಿಲು ನೋಡಿ: ಹತ್ತಿ ಬಂದ ಹಾವು ತಾನಾಗಿ ಮತ್ತೆ ಇಳಿಯಿತೇ? ಇಳಿಯದಿದ್ದರೆ ಅವತ್ತಿನ ಈಜು ಮುಗಿಯಿತು. ಮತ್ತೆ ತಳ್ಳಬೇಡಿ.

ಹತ್ತು ಹದಿನೈದು ನಿಮಿಷ ಸಾಕು. ಅಷ್ಟೂ ಹೊತ್ತು ನೀವು ಅಲ್ಲೇ ಇರಬೇಕು, ಬಾಗಿಲಿಗೆ ಅಮೆಜಾನ್‌ನವನು ಬಂದರೂ. ಹದಿನೈದು ದಿನಕ್ಕೊಮ್ಮೆಗಿಂತ ಹೆಚ್ಚು ಬೇಡ.

ಹಂತ 5: ಆಮೇಲೆ

ಒರೆಸಿ, ಪೆಟ್ಟಿಗೆಯ ಬಿಸಿ ಬದಿಗೆ ಬಿಡಿ. ಬೆಚ್ಚನೆ ನೀರಿನಲ್ಲಿ ಹಾವು ಮಲ ಹಾಕುವುದು ಮಾಮೂಲು, ಅದರಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಆ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯಬೇಡಿ, ಟಾಯ್ಲೆಟ್‌ಗೆ ಸುರಿಯಿರಿ. ಡಬ್ಬವನ್ನು ಬ್ಲೀಚ್ ಬೆರೆಸಿದ ನೀರಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ ಬಿಸಿಲಿಗಿಡಿ. ಕೈಗೆ ಸೋಪು. ಐದು ವರ್ಷದೊಳಗಿನ ಮಕ್ಕಳೂ ಊರಿಂದ ಬಂದ ವಯಸ್ಸಾದ ಅಜ್ಜ ಅಜ್ಜಿಯೂ ಹಾವನ್ನು, ಆ ನೀರನ್ನು ಮುಟ್ಟದಿರುವುದೇ ಒಳ್ಳೆಯದು.

ವ್ಯಾಯಾಮವೇ ಮುಖ್ಯ ಅನ್ನುವವರಿಗೆ ನನ್ನ ಸಲಹೆ ಬೇರೆ. ಹಾವು ಪೂರ್ತಿ ಮೈ ಚಾಚುವಷ್ಟು ಉದ್ದದ ಪೆಟ್ಟಿಗೆ ಕೊಡಿ, ಹತ್ತಲು ಗಟ್ಟಿಯಾದ ಕೊಂಬೆಗಳನ್ನು ಅಡ್ಡಡ್ಡ ಕಟ್ಟಿ. ಮರ ಹತ್ತುವ ಕಾರ್ನ್ ಸ್ನೇಕ್‌ಗೆ ಅದು ಟಬ್‌ಗಿಂತ ದೊಡ್ಡ ಕಸರತ್ತು, ದಿನವೂ ಸಿಗುವಂಥದ್ದು. ತಿಂಗಳಿಗೊಮ್ಮೆ ಅಡುಗೆಯದ್ದಲ್ಲದ ಬೇರೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಮೈ ಬಳುಕಿಸಿದಾಗ ಮಡಿಕೆ ಬೀಳುತ್ತಿದ್ದರೆ, ಹುರುಪೆಗಳ ನಡುವಿನ ಚರ್ಮ ಎದ್ದು ಕಾಣುತ್ತಿದ್ದರೆ ಮುಂದಿನ ಇಲಿಯನ್ನು ಒಂದು ವಾರ ಮುಂದಕ್ಕೆ ಹಾಕಿ.