2021ರಲ್ಲಿ ಕೊರೊನಾ ಸಾಮಾನಿನ ಬಿಲ್‌ನಲ್ಲಿ ತೆರಿಗೆ ಇಳಿದಿತ್ತಾ? ಹೀಗೆ ನೋಡಬೇಕಿತ್ತು

ಮೊದಲು ಬಿಲ್ ಕೇಳಿ ತಗೊಬೇಕಿತ್ತು. ಜಿಎಸ್‌ಟಿ ಇಳಿಕೆ 2021ರ ಜೂನ್ 14ರಿಂದ ಸೆಪ್ಟೆಂಬರ್ 30ರವರೆಗೆ ಇತ್ತು, ಹಾಗಾಗಿ ತಾರೀಖು ನೋಡಿ, ಆಮೇಲೆ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಎರಡನ್ನೂ ಕೂಡಿಸಬೇಕಿತ್ತು. ಆಕ್ಸಿಮೀಟರ್, ಆಕ್ಸಿಜನ್ ಕಾನ್ಸಂಟ್ರೇಟರ್‌ಗೆ ಶೇ 12 ಇದ್ದದ್ದು ಆಗ 5 ಆಗಿತ್ತು. ಸ್ಯಾನಿಟೈಸರ್‌ಗೆ 18ರಿಂದ 5ಕ್ಕೆ ಇಳಿದಿತ್ತು. ಕಪ್ಪು ಶಿಲೀಂಧ್ರದ ಔಷಧಿ ಆಂಫೊಟೆರಿಸಿನ್-ಬಿಗೆ ತೆರಿಗೆಯೇ ಇರಲಿಲ್ಲ.

ಆಗ ಒಂದು ದಿನ ಜಡಿಮಳೆಯಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಅಮ್ಮನಿಗೆ ಆಕ್ಸಿಮೀಟರ್ ತಂದೆ. ಬಿಲ್‌ನಲ್ಲಿ ತೆರಿಗೆ ಶೇ 6 ಪ್ಲಸ್ 6, ಅಂದರೆ ಹಳೇ 12 ಅಂತಿತ್ತು. ಮೂಲ ಬೆಲೆ 1,000, ಅಂದರೆ 1,050 ಆಗಬೇಕಿತ್ತು ಅಲ್ವಾ? ತಗೊಂಡಿದ್ದು 1,120. ಕೇಳಿದರೆ "ಹಳೇ ಸ್ಟಾಕ್" ಅಂದರು. ಇದನ್ನು ಸುಮ್ನೆ ಒಪ್ಪಬೇಕಿರಲಿಲ್ಲ. ಮಾಲು ಯಾವಾಗ ಬಂತು ಅನ್ನೋದು ಲೆಕ್ಕವಲ್ಲ, ಮಾರಾಟ, ಬಿಲ್, ದುಡ್ಡು ಮೂರೂ ಜೂನ್ 14ರಂದು ಅಥವಾ ಆ ನಂತರದ್ದಾಗಿದ್ದರೆ ಹೊಸ ದರವೇ ಆಗಬೇಕಿತ್ತು. ತಾರೀಖು ತೋರಿಸಿದ ಮೇಲೆ 70 ರೂಪಾಯಿ ವಾಪಸ್ ಬಂತು.

ಅಂಗಡಿಯವರು ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಕೂಡಲೇ ದರ ಬದಲಿಸಬೇಕಿತ್ತು. ಲಾಕ್‌ಡೌನ್‌ನಲ್ಲಿ ಶಟರ್ ಎಳೆದು ಜಿಎಸ್‌ಟಿಯ 3ಬಿ ರಿಟರ್ನ್ (ಮಾರಾಟ, ತೆರಿಗೆಯ ಲೆಕ್ಕ) ಹಾಕದೇ ಉಳಿದಿದ್ದವರಿಗೆ ವಿನಾಯಿತಿ ಇತ್ತು, 2017ರ ಜುಲೈನಿಂದ 2021ರ ಏಪ್ರಿಲ್‌ವರೆಗಿನ ಬಾಕಿಯನ್ನು ಮೊದಲು ನಿಗದಿಯಾಗಿದ್ದ 2021ರ ಆಗಸ್ಟ್ 31ರೊಳಗೆ ಹಾಕಬಹುದಿತ್ತು. ತೆರಿಗೆ ಕಟ್ಟುವುದೇನೂ ಇಲ್ಲದಿದ್ದರೆ ತಡದ ಶುಲ್ಕ ಒಂದು ರಿಟರ್ನ್‌ಗೆ 500 ರೂಪಾಯಿ ಮೀರುತ್ತಿರಲಿಲ್ಲ, ಇದ್ದರೆ 1,000. ಬಡ್ಡಿ ಮಾತ್ರ ಬೇರೆ ಇತ್ತು.