ಗಾಳಿ ಪೈಪಿನ ವಾಸನೆಗೆ ಸೋಡಾ ಕುಡಿಸಿದ ಕಾರ್ಬನ್

ನಮ್ಮ ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿಗೂ ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪಿಗೂ ನಾಲ್ಕೇ ಅಡಿ. ಸಂಜೆಯಾದರೆ ಕೊಳೆತ ಮೊಟ್ಟೆ ವಾಸನೆ. ತಿಪಟೂರು ಸೀಮೆಯವರು ನಾವು, ತೆಂಗಿನ ಚಿಪ್ಪಿಗೇನು ಬರವೇ? ಚಿಪ್ಪಿನ ಇದ್ದಿಲನ್ನೇ ಪೈಪಿನ ಬಾಯಿಗೆ ತುಂಬಿದೆ. ಮೂರನೇ ದಿನಕ್ಕೆ ವಾಸನೆ ವಾಪಸ್.

ಒಲೆಯ ಇದ್ದಿಲು ಬೇರೆ, ಆಕ್ಟಿವೇಟೆಡ್ ಕಾರ್ಬನ್ ಬೇರೆ. ಚಿಪ್ಪಿನ ಇದ್ದಿಲಿಗೆ ಸುಮಾರು 900 ಡಿಗ್ರಿಯಲ್ಲಿ ಉಗಿ ಹಾಯಿಸಿ ಇದನ್ನು ಮಾಡುತ್ತಾರೆ. ಒಂದೇ ಗ್ರಾಂನಲ್ಲಿ 1,000 ಚದರ ಮೀಟರಿನಷ್ಟು ಮೈ. ಮನೇಲಿ ಆಗುವ ಕೆಲಸ ಅಲ್ಲ, ನೀರಿನ ಫಿಲ್ಟರ್ ಅಂಗಡಿಯಲ್ಲಿ ಕೊಳ್ಳಿ. ಪುಡಿ ಬೇಡ, ಕಡಲೆಬೇಳೆ ಗಾತ್ರದ್ದು ಇರಲಿ.

ಆ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಬರೀ ಕಾರ್ಬನ್ ಅದನ್ನು ಸಡಿಲವಾಗಿ ಹಿಡಿಯುತ್ತದೆ, ಬೇಗ ಬಿಟ್ಟೂಬಿಡುತ್ತದೆ. ಒಳಗೆ ಬಟ್ಟೆ ಸೋಡಾ ಕರಗಿದ ನೀರಿನ ಪಸೆ ಇದ್ದರೆ ಅನಿಲ ಆ ಪಸೆಯಲ್ಲಿ ಕರಗಿ, ಗಾಳಿಯ ಆಮ್ಲಜನಕದ ಜೊತೆ ಸೇರಿ ಗಂಧಕವಾಗಿ ಅಲ್ಲೇ ಕೂರುತ್ತದೆ.

ಈಗ ಮುಖ್ಯ ಕೆಲಸ: ಕಾರ್ಬನ್ ಎಷ್ಟು ನೀರು ಕುಡಿಯುತ್ತದೆ ಅಂತ ನೋಡುವುದು. 100 ಗ್ರಾಂ ಒಣ ಕಾರ್ಬನ್ನಿಗೆ ಚಮಚ ಚಮಚವಾಗಿ ನೀರು ಹಾಕಿ ಕಲಸಿ. ಕಾಳು ಒದ್ದೆಯಾಗಿ, ತಳದಲ್ಲಿ ಹನಿ ನಿಲ್ಲುವ ಮುಂಚೆ ನಿಲ್ಲಿಸಿ. ನನ್ನದು 60 ಮಿಲಿ ಕುಡಿಯಿತು. ಅಂದರೆ ಒಂದು ಕಿಲೋಗೆ 600 ಮಿಲಿ. ಅಷ್ಟೇ ಬಿಸಿನೀರಿನಲ್ಲಿ 70 ಗ್ರಾಂ ಸೋಡಾ ಆ್ಯಷ್ ಪುಡಿ ಕರಗಿಸಿ. ಅಡುಗೆ ಸೋಡಾ ಅಲ್ಲ, ಬಟ್ಟೆಗೆ ಹಾಕುವುದು. ಹರಳು ಸೋಡಾ ಆದರೆ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ, 190 ಗ್ರಾಂ ಬೇಕು. ಮೊದಲ ಸಲ ನಾನು ಬಕೆಟ್ ನೀರಲ್ಲಿ ನೆನೆಸಿ ಬಸಿದೆ. ಸೋಡಾ ಎಲ್ಲ ಬಚ್ಚಲಿಗೆ ಹೋಯಿತು!

ಕೈಗವಸು ಹಾಕಿಕೊಂಡು, ದ್ರಾವಣ ಚಿಮುಕಿಸುತ್ತಾ ಕಲಸಿ. ಚುಯ್ ಅಂತ ಗುಳ್ಳೆ ಬರುತ್ತದೆ, ಹೆದರಬೇಡಿ. ಒಂದು ರಾತ್ರಿ ಮುಚ್ಚಿಟ್ಟು, ನೆರಳಲ್ಲಿ ಹರವಿ. ಕಾಳು ಕೈಗಂಟದಷ್ಟು ಆರಿದರೆ ಸಾಕು. ಪೂರ್ತಿ ಒಣಗಿಸಿದರೆ ಮೇಲೆ ಹೇಳಿದ ಪಸೆಯೇ ಇರುವುದಿಲ್ಲ.

ನಾಲ್ಕು ಇಂಚಿನ ಪೈಪಿಗೆ ರೆಡ್ಯೂಸರ್ (ಎರಡು ಗಾತ್ರದ ಪೈಪು ಸೇರಿಸುವ ಜೋಡಣೆ) ಹಾಕಿ ಆರು ಇಂಚು ಅಗಲದ ಪೈಪಿನ ತುಂಡು ಕೂರಿಸಿ. ತಳಕ್ಕೆ ಪ್ಲಾಸ್ಟಿಕ್ ಜಾಲರಿ. ಒಂದು ಕಿಲೋ ಹಾಕಿದರೆ ಸುಮಾರು ನಾಲ್ಕು ಇಂಚು ಎತ್ತರ ಬರುತ್ತದೆ, ಅದಕ್ಕಿಂತ ಜಾಸ್ತಿ ಬೇಡ. ಗಾಳಿ ಕಟ್ಟಿದರೆ ವಾಸನೆ ಬಚ್ಚಲುಮನೆಗೇ ಬರುತ್ತದೆ. ಮೇಲೆ ಮಳೆ ಟೋಪಿ ಬೇಕೇ ಬೇಕು, ಇಲ್ಲದಿದ್ದರೆ ಸೋಡಾ ತೊಳೆದುಹೋಗುತ್ತದೆ. ಗಾಳಿ ಆಡುತ್ತಿದೆಯಾ ಅಂತ ನೋಡಲು ತೆಳು ಪ್ಲಾಸ್ಟಿಕ್ ಪಟ್ಟಿ ಹಿಡಿಯಿರಿ. ಊದುಬತ್ತಿ ಬೇಡ, ಅಲ್ಲಿ ಬೆಂಕಿ ಹತ್ತುವ ಮೀಥೇನ್ ಅನಿಲ ಇರುತ್ತದೆ.

ಈ ಕಾರ್ಬನ್ನನ್ನು ಮೂಗಿಗೆ ಕಟ್ಟಿಕೊಂಡು ಯಾರೂ ಗುಂಡಿಗೆ ಇಳಿಯಬಾರದು. ಕಾರ್ಬನ್ ಆಮ್ಲಜನಕ ಕೊಡುವುದಿಲ್ಲ. ಮೇಲಾಗಿ ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ದಾಟಿದರೆ ಸ್ವಲ್ಪ ಹೊತ್ತಿನಲ್ಲೇ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ.

ಕಾರ್ಬನ್ ಯಾವಾಗ ಮುಗಿಯಿತು ಅಂತ ತಿಳಿಯಲು ಟೋಪಿಯ ಕೆಳಗೆ ಉಜ್ಜಿದ ತಾಮ್ರದ ತಂತಿ ನೇತುಹಾಕಿದ್ದೇನೆ, ದೂರದ ಮೂಲೆಯಲ್ಲಿ ಇನ್ನೊಂದು. ಪೈಪಿನದು ಅದಕ್ಕಿಂತ ಬೇಗ ಕಪ್ಪಾಯಿತು ಅಂದರೆ ಅನಿಲ ತಪ್ಪಿಸಿಕೊಂಡು ಬರುತ್ತಿದೆ, ಬದಲಿಸುವ ಹೊತ್ತು.