ತೂಕದ ಯಂತ್ರ ಥೆರಪಿ ಕೋಣೆಯೊಳಗೇ ಇರಲಿ

ಊಟದ ಕಾಯಿಲೆಗಳ ಥೆರಪಿಯಲ್ಲಿ 'ಮೊದಲು ವಿಶ್ವಾಸ ಬೆಳೆಯಲಿ, ತೂಕದ ಮಾತು ಆಮೇಲೆ' ಎಂದು ಕಾಯುವವರಿದ್ದಾರೆ. ನಾನು ಕಾಯುವುದಿಲ್ಲ. ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಟ್ಟು ತೀರಾ ಸೊರಗುವ ಕಾಯಿಲೆ, ಇರುವವರಿಗೆ ಆ ಕಾಯಿಲೆಯೇ ಆಸರೆ. ನಾವು ಎಷ್ಟು ಮೆತ್ತಗೆ ಮಾತಾಡಿದರೂ ಅದನ್ನು ಕಿತ್ತುಕೊಳ್ಳಲು ಬಂದವರೇ. ಮೊದಲ ಕೆಲವು ವಾರಗಳಲ್ಲಿ ಊಟ ಸ್ವಲ್ಪವಾದರೂ ಹಾದಿಗೆ ಬಂದರೆ ವಿಶ್ವಾಸ ಅದರ ಹಿಂದೆಯೇ ಬರುತ್ತದೆ.

ಬ್ರಿಟಿಷ್ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಸಿಬಿಟಿ-ಇ (ಊಟದ ಕಾಯಿಲೆಗಳಿಗೆಂದೇ ಹೊಂದಿಸಿದ, ಯೋಚನೆ ಮತ್ತು ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ) ಕ್ರಮವನ್ನೇ ಅನುಸರಿಸುತ್ತೇನೆ: 20 ವಾರ, 20 ಭೇಟಿ, ಮೊದಲ 4 ವಾರ ವಾರಕ್ಕೆ ಎರಡು. ತೂಕ ತೀರಾ ಕಡಿಮೆಯಿದ್ದರೆ ಸುಮಾರು 40 ಭೇಟಿ. ರಕ್ತದ ಪೊಟ್ಯಾಸಿಯಂ ಇಳಿದರೆ, ತಲೆಸುತ್ತಿ ಬಿದ್ದರೆ ವೈದ್ಯರಿಗೆ ಹೇಳುತ್ತೇನೆ ಎಂಬುದನ್ನು ಮೊದಲ ದಿನವೇ ಬಾಯಿಬಿಟ್ಟು ತಿಳಿಸುತ್ತೇನೆ. ಮನೆಯವರಿಗೆ ಏನು ಹೇಳುತ್ತೇನೆ, ಏನು ಹೇಳುವುದಿಲ್ಲ ಎಂಬುದನ್ನೂ ಅಷ್ಟೇ. ಈ ಷರತ್ತುಗಳು ನಡುವೆ ದಿಢೀರನೆ ಬಂದರೆ ಮೋಸ ಹೋದಂತಾಗುತ್ತದೆ.

ವಾರಕ್ಕೊಮ್ಮೆ, ಭೇಟಿಯ ಆರಂಭದಲ್ಲೇ ತೂಕ. ಮನೆಯಲ್ಲಿ ನೋಡಿಕೊಳ್ಳುವಂತಿಲ್ಲ. ಯಂತ್ರ ಹತ್ತುವ ಮೊದಲು 'ಎಷ್ಟಿರಬಹುದು ಅನ್ನಿಸುತ್ತೆ?' ಎಂದು ಕೇಳಿ ಬರೆದಿಡುತ್ತೇನೆ, ಆಮೇಲೆ ಇಬ್ಬರೂ ಸೇರಿ ನಕ್ಷೆಯಲ್ಲಿ ಚುಕ್ಕೆ ಹಾಕುತ್ತೇವೆ. ಒಂದೇ ಅಂಕಿಗೆ ಅರ್ಥ ಹಚ್ಚುವುದಿಲ್ಲ. ನೀರು, ಉಪ್ಪು, ಮುಟ್ಟು, ಮಲಬದ್ಧತೆ ಎಲ್ಲವೂ ಅದನ್ನು ಅಲುಗಾಡಿಸುತ್ತವೆ. 4 ವಾರದ ಗೆರೆ ಯಾವ ಕಡೆ ಹೊರಟಿದೆ ಎಂಬುದಷ್ಟೇ ಮುಖ್ಯ. ಅಂದಾಜು ವಾರವಾರವೂ ತಪ್ಪುವುದನ್ನು ಕಣ್ಣಾರೆ ಕಂಡಾಗ, ತಿಂದರೆ ತೂಕ ಏರಿಬಿಡುತ್ತದೆ ಎಂಬ ಭಯ ಸಡಿಲಗೊಳ್ಳುತ್ತದೆ. ನಾನು ಕೊಡುವ ಸಮಾಧಾನಕ್ಕೆ ಆ ಬಲವಿಲ್ಲ.

ಕೆಲವರು ಹೊಟ್ಟೆ ತುಂಬ ನೀರು ಕುಡಿದು ಬರುತ್ತಾರೆ, ಜೇಬಿನಲ್ಲಿ ಭಾರ ಇಟ್ಟುಕೊಳ್ಳುತ್ತಾರೆ. ಆಗ ಪೊಲೀಸರಾಗಬಾರದು, ಕುರುಡರೂ ಆಗಬಾರದು. 'ನಿಜವಾದ ಅಂಕಿ ನನಗೆ ಗೊತ್ತಾದರೆ ಏನಾಗುತ್ತೆ ಅಂತ ಭಯ?' ಎಂದು ಕೇಳಿ. ನೀರು ವಿಪರೀತವಾದರೆ ಸೋಡಿಯಂ ಕುಸಿಯುವ ಅಪಾಯವಿದೆ, ಹಾಗಾಗಿ ರಕ್ತಪರೀಕ್ಷೆ ತಡಮಾಡಬೇಡಿ.

ಊಟದ ದಾಖಲೆ ತಿಂದ ಕೂಡಲೇ ಬರೆದದ್ದಾಗಿರಬೇಕು. ಹೊತ್ತು, ಜಾಗ, ತಿಂದದ್ದು, ಮಿತಿಮೀರಿತು ಅನ್ನಿಸಿತೇ, ವಾಂತಿ ಮಾಡಿಕೊಂಡರೇ, ಆಗ ಮನಸ್ಸಿನಲ್ಲಿ ಏನಿತ್ತು. ಕ್ಯಾಲೊರಿ ಬೇಡ. ಭೇಟಿಯಲ್ಲಿ ಅದನ್ನು ಸಾಲುಸಾಲಾಗಿ ಓದದೆ ಪಕ್ಕಕ್ಕಿಟ್ಟರೆ ಮುಂದಿನ ವಾರ ಖಾಲಿ ಹಾಳೆ ಬರುತ್ತದೆ, ಬಂದರೆ ಆಶ್ಚರ್ಯಪಡಬೇಡಿ. ಮೊದಲ ಗುರಿ 3 ಊಟ, 2–3 ತಿಂಡಿ, ನಡುವೆ 4 ಗಂಟೆಗಿಂತ ಹೆಚ್ಚು ಬಿಡುವಿಲ್ಲ. ಬುಲಿಮಿಯಾದಲ್ಲಿ (ಅತಿಯಾಗಿ ತಿಂದು, ವಾಂತಿ ಮುಂತಾದ ದಾರಿಯಲ್ಲಿ ಅದನ್ನು ಹೊರಹಾಕಲು ಹೆಣಗುವ ಕಾಯಿಲೆ) ಏನು ತಿನ್ನಬೇಕೆಂಬ ಜಗಳಕ್ಕೆ ಈಗಲೇ ಇಳಿಯುವುದಿಲ್ಲ. ಹೊತ್ತು ಸರಿಹೋದರೆ ಅತಿಯಾಗಿ ತಿನ್ನುವುದು ಎಷ್ಟೋ ತಗ್ಗುತ್ತದೆ.

'ಚೆನ್ನಾಗಿ ಕಾಣ್ತಿದ್ದೀರಿ' ಅನ್ನಬೇಡಿ, 'ದಪ್ಪಗಾಗಿದ್ದೀರಿ' ಎಂದೇ ಕೇಳಿಸುತ್ತದೆ. 'ಇದು ನಿಮ್ಮ ಮಾತೋ, ಕಾಯಿಲೆಯ ಮಾತೋ?' ಎಂಬ ಪ್ರಶ್ನೆಯನ್ನೂ ಮಿತವಾಗಿ ಬಳಸಿ. ನಮ್ಮ ಮೇಲಿನ ನ್ಯಾಯವಾದ ಸಿಟ್ಟನ್ನೂ ಕಾಯಿಲೆಯ ಲೆಕ್ಕಕ್ಕೆ ಬರೆದುಬಿಟ್ಟರೆ ಅವರು ಮಾತು ನಿಲ್ಲಿಸುತ್ತಾರೆ.

ಕೊನೆಯ 3 ಭೇಟಿಗಳನ್ನು ಎರಡು ವಾರಕ್ಕೊಂದರಂತೆ ಇಡುತ್ತೇನೆ. ಆಗ ವಾರದ ತೂಕವನ್ನು ಮನೆಯಲ್ಲಿ ಅವರೇ ನೋಡಿಕೊಳ್ಳಲು ತೊಡಗುತ್ತಾರೆ. ಯಾವ ಲಕ್ಷಣ ಮರಳಿದರೆ ಏನು ಮಾಡಬೇಕು ಎಂಬುದನ್ನು ಅವರ ಕೈಯಲ್ಲೇ ಬರೆಸಿ, ಸುಮಾರು 20 ವಾರದ ನಂತರದ ಮರುಪರಿಶೀಲನೆಗೆ ಅಂದೇ ದಿನ ಗೊತ್ತುಮಾಡುತ್ತೇನೆ.